ಮಹಂತೇಶನ ಟ್ರಂಕಿನಲ್ಲಿ ನಲವತ್ತಮೂರು ಡಿವಿಡಿ ಡ್ರೈವ್

ದಿಲ್ಲಿಯ ಮುನಿರ್ಕಾದಲ್ಲಿರುವ ಮಹಂತೇಶನ ಅಂಗಡಿಗೆ ಲ್ಯಾಪ್‌ಟಾಪ್ ಕೊಳ್ಳಲು ಹೋದರೆ ಅವನು ಲ್ಯಾಪ್‌ಟಾಪ್ ತೋರಿಸುವುದಿಲ್ಲ. ಒಂದು ರಟ್ಟಿನ ತುಂಡು ಎದುರಿಗಿಟ್ಟುಕೊಂಡು, ಪೆನ್ನಿನ ಕ್ಯಾಪನ್ನು ಹಲ್ಲಲ್ಲಿ ಕಚ್ಚಿ ತೆಗೆದು, "ಬೆಳಿಗ್ಗೆ ಎದ್ದಾಗಿಂದ ಹೇಳಿ" ಎನ್ನುತ್ತಾನೆ. ಮೆಟ್ರೋದಲ್ಲಿ ಸೀಟು ಸಿಗುತ್ತಾ, ಕ್ಲಾಸಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ, ಸಿನಿಮಾ ಹಾಸಿಗೆಯಲ್ಲಿ ಮಲಗಿ ನೋಡ್ತೀರೋ ಕೂತು ನೋಡ್ತೀರೋ, ಎಲ್ಲವೂ ರಟ್ಟಿನ ಮೇಲೆ ಬರಬೇಕು. ಆಮೇಲೆ ಒಂದು ಯಂತ್ರವನ್ನು ಇಟ್ಟಿಗೆಯಂಥ ಚಾರ್ಜರಿನ ಸಮೇತ ಅವರದೇ ಬ್ಯಾಗಿಗೆ ತುಂಬಿ ಪಕ್ಕದ ಕಟ್ಟಡದ ಕಡಿದಾದ ಮೆಟ್ಟಿಲು ತೋರಿಸುತ್ತಾನೆ.

"ಮೂರು ಮಹಡಿ ಹತ್ತಿ ಇಳಿದು ಬನ್ನಿ. ಆಮೇಲೂ ಇದೇ ಬೇಕು ಅನ್ಸಿದ್ರೆ ಮಾತಾಡೋಣ."

ಗದಗದಲ್ಲಿ ಡಿಪ್ಲೊಮಾ ಮುಗಿಸಿ ದಿಲ್ಲಿಗೆ ಬಂದವನು ಮೊದಲು ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿದ್ದ. ಅಲ್ಲಿ ಗಿರಾಕಿಯ ಮುಖವೇ ಕಾಣದೆ ಬರೀ ಟೋಕನ್ ನಂಬರುಗಳನ್ನು ಬಿಚ್ಚಿ ಜೋಡಿಸಿ ಬೇಸತ್ತು ಈ ಅಂಗಡಿ ಹಾಕಿದ. ಹನ್ನೊಂದು ವರ್ಷದಲ್ಲಿ ಅವನು ಆರಿಸಿ ಕೊಟ್ಟ ಯಂತ್ರವನ್ನು ಒಬ್ಬರೂ ವಾಪಸ್ ತಂದಿಲ್ಲ. ಅವನಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇಲ್ಲ. ಟೀ ಕೊಟ್ಟವರಿಗೆಲ್ಲ ಇದನ್ನು ಹೇಳುತ್ತಾನೆ, ಕೊಡದವರಿಗೂ ಹೇಳುತ್ತಾನೆ.

ಅಂಗಡಿಯ ಮೂಲೆಯಲ್ಲಿ ಒಂದು ತಗಡಿನ ಟ್ರಂಕಿದೆ. ಹಳೇ ಲ್ಯಾಪ್‌ಟಾಪ್ ವೇಗವಾಗಲಿ ಎಂದು ಡಿವಿಡಿ ಡ್ರೈವ್ ಕಿತ್ತು ಆ ಜಾಗದಲ್ಲಿ ಹೊಸ ಹಾರ್ಡ್ ಡಿಸ್ಕ್ ಕೂರಿಸಿಕೊಂಡು ಹೋದವರೆಲ್ಲ ಬೇಡವೆಂದು ಬಿಟ್ಟ ಡ್ರೈವ್‌ಗಳು ಅದರಲ್ಲಿವೆ, ಒಂದೊಂದಕ್ಕೂ ಮಾಲೀಕರ ಹೆಸರಿನ ಚೀಟಿ ಅಂಟಿಸಿಕೊಂಡು. ಪಕ್ಕದ ಜೆರಾಕ್ಸ್ ಅಂಗಡಿಯ ಕಿಶನ್ ಅದಕ್ಕೆ ಮ್ಯೂಸಿಯಂ ಎಂದು ಹೆಸರಿಟ್ಟಿದ್ದಾನೆ. "ಕಬಾಡಿವಾಲಾಗೆ ಕೊಟ್ಬಿಡಿ ಮಹಂತೇಶ್ ಜೀ" ಎಂದು ಅವನು ತನಗೆ ಬರುವಷ್ಟು ಕನ್ನಡದಲ್ಲಿ ದಿನಾ ಹೇಳುತ್ತಾನೆ. ಗುಜರಿಯವನಿಗೆ ಹಾಕಲು ಮಹಂತೇಶನಿಗೆ ಮನಸ್ಸು ಬರುವುದಿಲ್ಲ, ಅಷ್ಟೇ.

ಆ ಭಾನುವಾರ ಬೆಳಿಗ್ಗೆ ಶಟರ್ ಅರ್ಧ ಎತ್ತಿದ್ದನಷ್ಟೆ, ಆರ್ಕಿಟೆಕ್ಚರ್ ಓದುವ ಸಿಂಧೂರ ಬಗ್ಗಿ ಒಳಗೆ ಬಂದಳು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಟೇಬಲ್ಲಿನ ಮೇಲಿಟ್ಟಳು.

"ಮಹಂತೇಶಣ್ಣ, ಇದನ್ನ ವಾಪಸ್ ತಗೊಳ್ಳಿ. ಡಿವಿಡಿ ಡ್ರೈವ್ ಇರೋದು ಯಾವುದಾದ್ರೂ ಕೊಡಿ, ಎಷ್ಟು ಹಳೇದಾದ್ರೂ ಪರವಾಗಿಲ್ಲ."

ಮಹಂತೇಶನ ಕೈಯಲ್ಲಿದ್ದ ಬೀಗ ಕೈಯಲ್ಲೇ ಉಳಿಯಿತು. ಆರು ತಿಂಗಳ ಹಿಂದೆ ಇವಳು ಹಗುರವೂ ಇರಬೇಕು, ಗ್ರಾಫಿಕ್ಸೂ ಜೋರಿರಬೇಕು, ಬ್ಯಾಟರಿಯೂ ದಿನವಿಡೀ ಬರಬೇಕು ಎಂದಾಗ, ಮೂರೂ ಒಟ್ಟಿಗೆ ಸಿಗಲ್ಲ ತಂಗಿ, ನೀನು ಕಟ್ಟಡ ಕಟ್ಟೋಳು, ಗ್ರಾಫಿಕ್ಸ್ ಹಿಡ್ಕೋ ಮಿಕ್ಕಿದ್ದು ಬಿಡು ಎಂದು ಈ ಭಾರದ ಯಂತ್ರವನ್ನು ಕೊಟ್ಟವನು ಅವನೇ. ಡಿವಿಡಿ ಸತ್ತು ಹೋಗಿದೆ ಎಂದವನೂ ಅವನೇ.

ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಹರಿಯಾಣದ ಅಂಚಿನ ಹಳ್ಳಿಯೊಂದರಲ್ಲಿ ಇದ್ದ ಬಾವ್ಲಿ, ಅಂದರೆ ಮೆಟ್ಟಿಲುಬಾವಿ, ಈಗ ಮುಚ್ಚಿಹೋಗಿ ಮೇಲೆ ರಸ್ತೆ ಬಂದಿದೆ. ಅದನ್ನು ಅವಳು ಪರದೆಯ ಮೇಲೆ ಮತ್ತೆ ಕಟ್ಟುತ್ತಿದ್ದಾಳೆ, ಒಳಗೆ ಇಳಿದು ನಡೆಯುವ ಹಾಗೆ. ಕೆಳಗಿನ ಎರಡು ಅಂತಸ್ತು ಹೇಗಿತ್ತೆಂದು ಗೊತ್ತಿಲ್ಲ; ಬರೀ ಊಹೆಯಾದರೆ ಅವೆರಡನ್ನೂ ಕಿತ್ತು ಹಾಕು ಎಂದು ಕಾಲೇಜಿನ ಗೈಡ್ ಹೇಳಿದ್ದಾರೆ. ನಾಳೆ ಹತ್ತೂವರೆಗೆ ರಿವ್ಯೂ, ಎಕ್ಸಾಮಿನರುಗಳ ಮುಂದೆ ನಡೆಸಿ ತೋರಿಸಬೇಕು. ಆ ಬಾವ್ಲಿಯನ್ನು ಹಿಂದೆ ಅಳೆದಿದ್ದ ಪ್ರೊಫೆಸರ್ ದತ್ತಾತ್ರೇಯ ನಿನ್ನೆ ಘಾಜಿಯಾಬಾದಿನ ಮನೆಯಲ್ಲಿ ಅಲ್ಮೇರಾದ ಹಿಂದಿನಿಂದ ಹಳೇ ಫೋಟೋ ತುಂಬಿದ ಮೂರು ಡಿವಿಡಿ ಎಳೆದು ಕೊಟ್ಟಿದ್ದಾರೆ.

"ಹಾಸ್ಟೆಲ್ ಪೂರ್ತಿ ಕೇಳ್ದೆ, ಯಾರ್ ಹತ್ರನೂ ಡ್ರೈವ್ ಇಲ್ಲ. ಇವತ್ತು ಭಾನುವಾರ, ನೆಹರು ಪ್ಲೇಸ್ ಕಂಪ್ಯೂಟರ್ ಮಾರ್ಕೆಟ್ ಬಂದ್. ಆನ್‌ಲೈನಲ್ಲಿ ಮಂಗಳವಾರ ಅಂತಾರೆ."

"ಡ್ರೈವ್ ಇರೋ ಹಳೇದು ಕೊಟ್ರೆ ಫೋಟೋ ಕಾಣ್ಸುತ್ತೆ. ಆದ್ರೆ ನಿನ್ನ ಬಾವ್ಲಿ ಅದರಲ್ಲಿ ಓಡಲ್ಲ. ಒಂದು ಮೆಟ್ಟಿಲು ಇಳಿಯೋಕೆ ಒಂದು ನಿಮಿಷ ತಗೊಳ್ಳುತ್ತೆ."

"ಮತ್ತೆ ಏನ್ ಮಾಡ್ಲಿ?"

ಮಹಂತೇಶ ಗೋಡೆಗೆ ಸಿಕ್ಕಿಸಿದ್ದ ರಟ್ಟುಗಳಲ್ಲಿ ಅವಳದನ್ನು ಹುಡುಕಿ ತೆಗೆದ. ಎದ್ದಾಗಿಂದ ಮಲಗುವವರೆಗೆ ಎಲ್ಲ ಇತ್ತು. ಅವಳು ಏನು ಮಾಡುತ್ತಾಳೆ ಎಂದು ಕೇಳಿದ್ದ. ಬೇರೆಯವರು ಅವಳ ಕೈಗೆ ಏನು ತಂದು ಹಾಕಬಹುದು ಎಂದು ಕೇಳಿರಲೇ ಇಲ್ಲ.

"ಕಿಶನ್ ಭಯ್ಯಾ" ಎಂದು ಕೂಗಿದ, "ಮ್ಯೂಸಿಯಂ ತೆಗೀಬೇಕು, ಬನ್ನಿ."

ಮೊದಲು ಕೈಗೆ ಸಿಕ್ಕ ಡ್ರೈವನ್ನು ಕೇಬಲ್ಲಿನಿಂದ ಸಿಂಧೂರಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಡಿಸ್ಕು ಗುಂಯ್ ಎಂದು ತಿರುಗಿ, ಟಿಕ್ ಎಂದು ನಿಂತಿತು. ಮತ್ತೆ ಗುಂಯ್, ಮತ್ತೆ ಟಿಕ್.

"ಬಿಮಾರ್ ಹೈ" ಎಂದ ಕಿಶನ್.

"ಕಾಯಿಲೆ ಅಲ್ಲ, ಹಸಿವು" ಎಂದ ಮಹಂತೇಶ. ಒಂದು ಪೋರ್ಟಿನಿಂದ ಬರುವ ಕರೆಂಟು ಸಾಲುತ್ತಿರಲಿಲ್ಲ. ಎರಡು ತಲೆಯ ಕೇಬಲ್ ಹುಡುಕಿ ಎರಡು ಪೋರ್ಟಿಗೂ ಚುಚ್ಚಿದ. ಈ ಸಲ ಗುಂಯ್ ನಿಲ್ಲಲಿಲ್ಲ. ಎರಡು ಡಿಸ್ಕು ಸಲೀಸಾಗಿ ಕಾಪಿಯಾದವು. ಕೆಳಗಿನ ಅಂತಸ್ತುಗಳಿದ್ದದ್ದು ಮೂರನೆಯದರಲ್ಲಿ, ಮೂರನೆಯದರ ಮೈತುಂಬ ಗೀರು; ಡ್ರೈವಿಗೆ ಅದನ್ನು ಓದಲಾಗಲಿಲ್ಲ.

"ಆಗಲ್ಲ ಅಲ್ವಾ?" ಎಂದಳು ಸಿಂಧೂರ, ಬಹಳ ಸಣ್ಣ ದನಿಯಲ್ಲಿ.

"ಒಂದೊಂದು ಡ್ರೈವಿನ ಕಣ್ಣು ಒಂದೊಂದು ಥರ. ಇವನಿಗೆ ಕಾಣದ್ದು ಇನ್ನೊಬ್ಬನಿಗೆ ಕಾಣುತ್ತೆ. ಎಷ್ಟಿವೆ ಭಯ್ಯಾ?"

"ಇನ್ನು ನಲವತ್ತೆರಡು."

"ಚಲೋ."

ಕಿಶನ್ ಚೀಟಿ ಓದಿ ಓದಿ ಕೊಟ್ಟ, ಮಹಂತೇಶ ಸಿಕ್ಕಿಸಿದ, ಸಿಂಧೂರ ಪರದೆ ನೋಡಿದಳು. ವಿಮಲಾ, ಇಲ್ಲ. ಜಗನ್ನಾಥ, ಇಲ್ಲ. ಶ್ರೇಯಸ್‌ನದು ಬಾಗಿಲೇ ತೆರೆಯಲಿಲ್ಲ, ಅವನೂ ಹಾಗೇ ಇದ್ದ ಎಂದ ಮಹಂತೇಶ, ಸಿಂಧೂರ ಆ ಬೆಳಿಗ್ಗೆ ಮೊದಲ ಸಲ ನಕ್ಕಳು. ಮಧ್ಯೆ ಛೋಲೆ ಭಟೂರೆ ಬಂತು, ಎಣ್ಣೆಗೈ ಡಿಸ್ಕಿಗೆ ತಾಗದಂತೆ ಕಿಶನ್ ಅವಳಿಗೆ ಜೆರಾಕ್ಸ್ ಹಾಳೆಗಳನ್ನು ಕೊಟ್ಟ. ಮೂವತ್ತೊಂದನೆಯದು ಅನಂತಮೂರ್ತಿಯವರದು, ಎಂಟು ವರ್ಷದ ಹಿಂದೆ ಬಿಟ್ಟುಹೋದದ್ದು. ಅದು ಗುಂಯ್ ಎಂದಿತು, ತಡವರಿಸಿತು, ಕೆಮ್ಮಿದಂತೆ ಮಾಡಿತು. ಪರದೆಯ ಮೇಲೆ ಒಂದು ಫೋಟೋ ಬಂತು. ಮತ್ತೊಂದು ಬಂತು. ಕೊನೇ ಮೆಟ್ಟಿಲು, ಮೆಟ್ಟಿಲ ಮೇಲೆ ಅಳತೆಯ ಟೇಪು, ಟೇಪಿನ ತುದಿ ಹಿಡಿದು ನಗುತ್ತ ಕೂತ, ತಲೆತುಂಬ ಕಪ್ಪು ಕೂದಲಿದ್ದ ದತ್ತಾತ್ರೇಯರು.

ಕಿಶನ್ ಆ ಡ್ರೈವಿಗೆ ಕೈ ಮುಗಿದ.

ಸಿಂಧೂರ ಅಂಗಡಿಯ ಸ್ಟೂಲಿನಲ್ಲೇ ಕೂತು ಕೆಳಗಿನ ಅಂತಸ್ತುಗಳನ್ನು ತಿದ್ದಿದಳು. ಐದು ಗಂಟೆಯ ಹೊತ್ತಿಗೆ ಲ್ಯಾಪ್‌ಟಾಪಿನ ಫ್ಯಾನು ಹೇರ್ ಡ್ರೈಯರಿನ ಹಾಗೆ ಕೂಗುತ್ತಿತ್ತು, ಮುಟ್ಟಿದರೆ ದೋಸೆ ಹಾಕುವಷ್ಟು ಬಿಸಿ. "ಬನ್ನಿ ಅಣ್ಣ" ಎಂದು ಬಾಣದ ಕೀ ಅವನ ಬೆರಳಿಗೆ ಕೊಟ್ಟಳು. ಮಹಂತೇಶ ಒತ್ತಿದ. ಒಂದು ಕ್ಷಣವೂ ತೊಡರದೆ, ಮೆಟ್ಟಿಲ ಮೇಲೆ ಮೆಟ್ಟಿಲು, ಕಂಬಗಳ ನೆರಳಿನಲ್ಲಿ ತಿರುಗಿ, ಕಟ್ಟಕಡೆಯ ಮೆಟ್ಟಿಲಿಗೆ ಇಳಿದ. ಅಲ್ಲಿ ನೀರಿತ್ತು. ನೀರಿನಲ್ಲಿ ಮೇಲಿನ ಆಕಾಶ ಚೌಕವಾಗಿ ಅಲುಗುತ್ತಿತ್ತು.

"ಇದಕ್ಕೇ ಗ್ರಾಫಿಕ್ಸ್ ಹಿಡ್ಕೋ ಅಂದಿದ್ದು" ಎಂದ.

"ವಾಪಸ್ ಕೊಡಲ್ಲ ಬಿಡಿ" ಎಂದಳು ಸಿಂಧೂರ.

ಸೋಮವಾರ ಮಧ್ಯಾಹ್ನ ಅವಳು ಓಡಿ ಬಂದಾಗ ಮುಖ ನೋಡಿಯೇ ಗೊತ್ತಾಯಿತು. ಅಂತಸ್ತುಗಳು ಉಳಿದಿದ್ದವು, ಎಕ್ಸಾಮಿನರುಗಳು ಇನ್ನೊಮ್ಮೆ, ಇನ್ನೊಮ್ಮೆ ಎಂದು ನಾಲ್ಕು ಸಲ ಬಾವ್ಲಿಗೆ ಇಳಿದಿದ್ದರು. ಆದರೆ ಅವಳು ಒಬ್ಬಳೇ ಬಂದಿರಲಿಲ್ಲ. ಹಿಂದೆ ಬೆವರುತ್ತ ದತ್ತಾತ್ರೇಯರು, ಎರಡೂ ಕೈಯಲ್ಲಿ ಚೀಲ, ಚೀಲದ ತುಂಬ ಡಿವಿಡಿ.

"ಇವನ್ನೂ ಓದಿಸಿ ಕೊಡ್ತೀರಂತಲ್ಲ? ಹಾಗೇ ನನಗೂ ಒಂದು ಲ್ಯಾಪ್‌ಟಾಪ್ ನೋಡಿ. ಗ್ರಾಫಿಕ್ಸ್ ಇರೋದೇ ಬೇಕು, ನಾನೂ ಇಳಿದು ನೋಡ್ಬೇಕು."

ಮಹಂತೇಶ ಹೊಸ ರಟ್ಟಿನ ಮೇಲೆ ಎಲ್ಲಕ್ಕಿಂತ ಮೊದಲು ಡಿವಿಡಿ ಎಂದು ಬರೆದು ಅಡಿಗೆರೆ ಎಳೆದ. ಆಮೇಲೆ ಅತಿ ಭಾರದ ಯಂತ್ರವನ್ನೂ ಅನಂತಮೂರ್ತಿಯವರ ಡ್ರೈವನ್ನೂ ಖಾಲಿಯಾದ ಒಂದು ಚೀಲಕ್ಕೆ ತುಂಬಿ, ಬಹಳ ಗೌರವದಿಂದ ಪಕ್ಕದ ಮೆಟ್ಟಿಲು ತೋರಿಸಿದ.

"ಒಂದೇ ಮಹಡಿ ಸಾಕು ಸರ್. ನಿಮಗೆ ರಿಯಾಯಿತಿ."