ಹೊಗೆಯಿಲ್ಲದ ಗಾಡಿ

ವೈನಿ, ನಿಮ್ಮ ಗಂಡ ಕುಡಿಯುತ್ತಿರಲಿಲ್ಲ. ಮುಂಬಯಿಗೆ ಹೋದ ಮೇಲೂ ಇಲ್ಲ, ಸತ್ತ ದಿನವೂ ಇಲ್ಲ. ಕುಡಿದು ಹಳಿಯ ಮೇಲೆ ಮೈಮರೆತಿದ್ದ ಎಂದು ಹೇಳಿದವನು ನಾನು. ಅದು ಸುಳ್ಳು. ನಮ್ಮೂರು ಕಟಕೋಳದ ಜನ ಇಷ್ಟು ವರ್ಷ ಆಡಿಕೊಂಡದ್ದು ನನ್ನ ಬಾಯಿಂದ ಬಿದ್ದ ಆ ಮಾತನ್ನೇ. ಅವರು ನಂಬಿದ್ದಕ್ಕೆ ನನಗೆ ಆಶ್ಚರ್ಯವಿಲ್ಲ. ನೀವೂ ನಂಬಿದಿರಲ್ಲ — ನಂಬಿ, ನಂಬಿದ ಮೇಲೂ ಅವನನ್ನು ಬೈಯದೆ ಇದ್ದಿರಲ್ಲ — ಅದು ನನ್ನನ್ನು ತಿಂದು ಹಾಕಿದೆ.

ನಿಮ್ಮ ಗಂಡ ಶಿವಪ್ಪಣ್ಣನೂ ನಾನೂ ಒಡಹುಟ್ಟಿದವರಲ್ಲ, ಒಂದೇ ಓಣಿಯವರು; ಅವನನ್ನು ಅಣ್ಣ ಎಂದದ್ದಕ್ಕೆ ನೀವು ನನಗೆ ವೈನಿ. ನಮ್ಮ ಸುತ್ತಿನ ಊರುಗಳಿಗೆ ರೈಲು ಬಂದಿರಲಿಲ್ಲ. ಧಾರವಾಡದ ಆಚೆ ಹಳಿಯ ರಿಪೇರಿಗೆ ಕೂಲಿಯಾಗಿ ಹೋದಾಗಲೇ ನಾವು ರೈಲನ್ನು ಹತ್ತಿರದಿಂದ ಕಂಡದ್ದು. ಆ ಬಯಲಿನಲ್ಲಿ ಗಾಡಿಗಿಂತ ಮೊದಲು ಅದರ ಹೊಗೆ ಕಾಣುತ್ತಿತ್ತು. ಒಬ್ಬ ದಿಬ್ಬದ ಮೇಲೆ ನಿಂತು ಆಕಾಶದ ಅಂಚು ನೋಡುತ್ತಿರಬೇಕು. ಹೊಗೆ ಕಂಡ ಕೂಡಲೇ “ಹೊಗಿ ಬಂತೋ!” ಎಂದು ಕೂಗಬೇಕು. ಆ ಕೂಗಿನ ಮೇಲೆ ಭಾರ ಹಾಕಿ ಉಳಿದವರು ತಲೆ ಎತ್ತದೆ ಕೆಲಸ ಮಾಡುತ್ತಿದ್ದರು. ಮುಂಬಯಿಗೆ ಹೋಗುವಾಗ ರೊಟ್ಟಿ ಬುತ್ತಿಯ ಜೊತೆ ಆ ರೂಢಿಯನ್ನೂ ಕಟ್ಟಿಕೊಂಡೇ ಹೋದೆವು. ನಾನು ರಾಮದುರ್ಗದ ಸಾಲೆಯಲ್ಲಿ ಒಂದಿಷ್ಟು ಕಲಿತವನು, ಮರಾಠಿ ಬಲ್ಲವನು. ಗುಂಪಿನಲ್ಲಿ ಬೇರೆ ಯಾರಿಗೂ ಅದು ಬಾರದು. ಹೀಗಾಗಿ ಸಾಹೇಬರ ಮುಂದೆ ಮಾತಾಡುವವನೂ ನಾನೇ, ನಿಂತು ಹೊಗೆ ಕಾಯುವವನೂ ನಾನೇ. ಗುದ್ದಲಿ ಹಿಡಿಯದೆ ಕೂಲಿ ಎಣಿಸಿಕೊಳ್ಳುವವನಿಗೆ ಎಷ್ಟು ಸೊಕ್ಕು ಇರಬೇಕೋ ಅಷ್ಟೂ ನನಗಿತ್ತು.

ಆಗ ಮುಂಬಯಿ ಹೊಸ ಹಳಿಗಳನ್ನು ಹಾಸುತ್ತಿತ್ತು. ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ಹಳಿಯಲ್ಲ, ಅದೇ ಊರಿನ ಜನ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ತಿರುಗಿ ಬರುವುದಕ್ಕೆ! ಉದ್ದಕ್ಕೂ ಕಬ್ಬಿಣದ ಕಂಬ ನೆಟ್ಟರು, ಕಂಬದಿಂದ ಕಂಬಕ್ಕೆ ತಂತಿ ಎಳೆದರು. ಇನ್ನು ಮೇಲೆ ಕಲ್ಲಿದ್ದಲು ಬೇಡ, ತಂತಿಯೇ ಗಾಡಿಯನ್ನು ಎಳೆಯುತ್ತದೆ ಎಂದು ಮಾತು. ಸಂಜೆಯಾದರೆ ಹಳಿಯ ಮೇಲಿನ ಸೇತುವೆಯಲ್ಲಿ ಜನ ಸಾಲುಗಟ್ಟಿ ನಿಂತು ಈ ಕೆಲಸ ನೋಡುವರು — ಕೋಟು ತೊಟ್ಟ ಗುಮಾಸ್ತರು, ಬುಟ್ಟಿ ಇಳಿಸಿದ ಮೀನಿನ ಹೆಂಗಸರು, ಗಿರಣಿಯಿಂದ ಬಂದವರು. ಶಿವಪ್ಪಣ್ಣನೂ ಅವರ ನಡುವೆ. ದಿನವಿಡೀ ತಾನೇ ಬಗ್ಗಿ ಜಲ್ಲಿ ಬಡಿದ ಹಳಿಯನ್ನು ಸಂಜೆ ಮೇಲೆ ಹೋಗಿ ಹೊಸಬನಂತೆ ನೋಡುತ್ತ ನಿಲ್ಲುವನು. ನಾನು ನಗುತ್ತಿದ್ದೆ.

“ನಾವು ಹೊಲಕ್ಕ ಹೋದಂಗ ಇವರು ರೈಲಿನ್ಯಾಗ ಹೋಗತಾರಲ್ಲೋ ತಮ್ಮಾ! ಸುರು ಆಗ್ಲಿ. ಈರಪ್ಪನ ಅವ್ವನ್ನ ಒಂದ ಸಲ ಕರಕೊಂಡ ಬಂದು ಇದರಾಗ ಕುಂದರಸ್ತೇನಿ,” ಎಂದಿದ್ದ.

ನಿಮ್ಮನ್ನು ಅವನು ಮಗನ ಹೆಸರು ಹಿಡಿದೇ ಕರೆಯುತ್ತಿದ್ದ. ಇದನ್ನು ನಿಮಗೆ ಇವತ್ತಿನವರೆಗೆ ಹೇಳಿಲ್ಲ, ವೈನಿ. ಕುಡುಕನ ಕತೆಗೆ ಇದು ಹೊಂದುತ್ತಿರಲಿಲ್ಲ.

ಆ ದಿನ ಬೆಳಿಗ್ಗೆಯೇ ಕೂಲಿಗಳ ಮೇಲಿನ ಮುಕಾದಮ ನನಗೆ ಮರಾಠಿಯಲ್ಲಿ ಹೇಳಿದ್ದ: ತಂತಿಯ ಗಾಡಿಯನ್ನು ಇವತ್ತು ಓಡಿಸಿ ನೋಡುತ್ತಾರೆ, ನಿನ್ನವರಿಗೆ ಹೇಳು. ನಾನು ಹೂಂ ಎಂದೆ. ಹೇಳಲಿಲ್ಲ. ಮರೆತೆ ಅಂದರೆ ಎಷ್ಟು ಚೆನ್ನಾಗಿರುತ್ತಿತ್ತು! ಮರೆತಿರಲಿಲ್ಲ. ಗಾಡಿ ಬಂದಾಗ ನಾನು ಕೂಗಬೇಕು, ಅವರು ಬಾಯಿ ಬಿಟ್ಟು ನೋಡಬೇಕು, ನನಗೆ ಮೊದಲೇ ಗೊತ್ತಿತ್ತು ಎಂದು ನಾನು ಮೀಸೆ ತಿರುವಬೇಕು — ಇಷ್ಟೇ ಆಸೆ. ಇಂಥ ಸಣ್ಣ ಆಸೆ.

ಬಿಸಿಲು ಏರಿತು. ನಾನು ಕಂಬದ ನೆರಳಿಗೆ ಕುಳಿತೆ. ಉಳಿದವರು ನೀರು ಕುಡಿಯಲು ಪಕ್ಕಕ್ಕೆ ಸರಿದಿದ್ದರು. ಶಿವಪ್ಪಣ್ಣ ಒಬ್ಬನೇ ಹಳಿಯ ನಡುವೆ ಬಗ್ಗಿ, ಬೆನ್ನು ತಿರುಗಿಸಿಕೊಂಡು, ಜಲ್ಲಿ ಬಡಿಯುತ್ತಿದ್ದ. ನಾನು ಎಲೆಗೆ ಸುಣ್ಣ ಸವರುತ್ತ ಆಕಾಶ ನೋಡಿದೆ. ಹೊಗೆಯಿಲ್ಲ. ಆ ದಿನ ಬರುವುದು ಹೊಗೆಯಿಲ್ಲದ ಗಾಡಿ ಎಂದು ನಮ್ಮ ಗುಂಪಿನಲ್ಲಿ ಗೊತ್ತಿದ್ದವನು ನಾನೊಬ್ಬನೇ — ಆದರೂ ನನ್ನ ಕಣ್ಣು ಹೋಗಿದ್ದು ಆಕಾಶಕ್ಕೆ. ಮತ್ತೆ ಎಲೆಯ ಕಡೆ ತಲೆ ಬಗ್ಗಿಸಿದೆ. ಹಳಿ ಗುಂಯ್ ಎಂದಾಗ ಎದ್ದೆ. ಬಾಯಿ ತುಂಬ ಎಲೆಯಿತ್ತು. ಗಾಡಿ ನನ್ನ ಮುಂದೆಯೇ ಹಾದುಹೋಯಿತು. ಸೇತುವೆಯ ಮೇಲಿನ ಜನ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಚಪ್ಪಾಳೆ ನಿಂತಿತು.

ಮಾರನೆಯ ದಿನ ಸಾಹೇಬ ನಮ್ಮನ್ನೆಲ್ಲ ಕರೆಸಿದ. ಪಕ್ಕದಲ್ಲಿ ಮುಕಾದಮ. ಇಬ್ಬರಿಗೂ ಕನ್ನಡ ಬಾರದು. ಕೂಗಿದೆಯಾ ಎಂದು ಸಾಹೇಬ ನನ್ನನ್ನು ಮರಾಠಿಯಲ್ಲೇ ಕೇಳಿದ. ಕೂಗಿದೆ ಎಂದೆ. ಮತ್ತೆ ಅವನು ಏಕೆ ಸರಿಯಲಿಲ್ಲ? ನನಗೆ ಸೆರೆಮನೆ ಕಣ್ಣ ಮುಂದೆ ಬಂತು. ಕುಡಿದಿದ್ದ ಸಾಹೇಬ, ಎಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ನಿಜವೇ ಎಂದು ಇವರನ್ನೆಲ್ಲ ಕೇಳು, ಅಂದ ಸಾಹೇಬ.

ನಾನು ನಮ್ಮವರ ಕಡೆ ತಿರುಗಿದೆ.

“ಶಿವಪ್ಪಣ್ಣ ಚೊಲೋ ಮನಷ್ಯಾ ಇದ್ದ. ಹೌದಲ್ರೋ?”

ಎಲ್ಲರೂ ತಲೆ ಆಡಿಸಿದರು. ಒಬ್ಬ ಅಳುತ್ತಲೇ “ಹೌದ್ರಿ ಸಾಹೇಬ್ರ, ಹೌದ್ರಿ” ಎಂದು ಕೈ ಮುಗಿದ. ನಾನು ಸಾಹೇಬನ ಕಡೆ ತಿರುಗಿ ಹೇಳಿದೆ: ಹೌದಂತೆ, ಕುಡಿದಿದ್ದನಂತೆ.

ಅವನನ್ನು ಒಳ್ಳೆಯವನು ಎಂದು ಅತ್ತವರ ಕಣ್ಣೀರಿನಿಂದಲೇ ನಾನು ಅವನನ್ನು ಕುಡುಕನನ್ನಾಗಿ ಮಾಡಿದೆ. ಕೊಂದದ್ದು ನನ್ನ ಸೋಮಾರಿತನ ಎನ್ನಬಹುದು. ಇದಕ್ಕೆ ಏನೆನ್ನಲಿ?

ಅಲ್ಲೇ ಮಣ್ಣು ಕೊಟ್ಟು ಊರಿಗೆ ಬಂದೆವು. ಕುಡಿದು ಸತ್ತವನ ಮನೆಗೆ ಕಂಪನಿ ಏನೂ ಕೊಡಲಿಲ್ಲ. ಏಕೆ ಕೊಡಲಿಲ್ಲ ಎಂದು ಊರವರು ಕೇಳಿದರು, ಅದೇ ಸುಳ್ಳು ಹೇಳಿದೆ. ಜೊತೆಗೆ ಬಂದವರು ಮುಖ ಮುಖ ನೋಡಿಕೊಂಡರು. ಕದ್ದು ಕುಡೀತಿದ್ದ, ಒಂದೇ ಖೋಲಿಯಲ್ಲಿ ಇದ್ದ ನನಗಷ್ಟೇ ಗೊತ್ತಿತ್ತು ಎಂದೆ. ಸಾಲೆ ಕಲಿತವನ ಮಾತು, ಯಾರು ಅಲ್ಲಗಳೆಯುತ್ತಾರೆ? ನೀವು ಬಾಗಿಲ ಮರೆಯಿಂದ “ಖರೇನ ಕುಡೀತಿದ್ರೇನ್ರಿ?” ಎಂದು ಕೇಳಿದಿರಿ. “ಹೌದ್ರಿ ವೈನಿ,” ಎಂದೆ.

ಆ ವರ್ಷ ಮಹಾನವಮಿ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಸತ್ತವರಿಗೆ ಏನು ಇಷ್ಟವಿತ್ತೋ ಅದು ಎಡೆಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಅವರು ಮುಟ್ಟದೆ ಹೊರಟುಹೋಗುತ್ತಾರೆ ಎಂದು ನಾವು ನಂಬಿದವರು. ಹಿಂದಿನ ದಿನ ನೀವು ನನ್ನನ್ನು ಹಿತ್ತಲಿಗೆ ಕರೆದಿರಿ.

“ಮಲ್ಲಪ್ಪಾ, ಅಲ್ಲಿ ಹೋಗಿ ಅವರಿಗೆ ಅದರ ಆಸೆ ಹತ್ತಿತ್ತಂದ್ರ, ಅದನ್ನ ಬಿಟ್ಟು ನಾ ಬರೇ ಹೋಳಗಿ ಇಟ್ರ ಮುಟ್ಟತಾರೇನು? ಹೆಂಗಸು, ನಾ ಅಂಗಡಿಗೆ ಹೋಗಾಕ ಬರಂಗಿಲ್ಲ. ಒಂದೀಟು ತಂದು ಕೊಡ್ರಿ.”

ಆಗ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು… ತಂದು ಕೊಟ್ಟೆ. ಊರಲ್ಲಿ ಕಂಡರೆ ಕೆಟ್ಟದೆಂದು ಯರಗಟ್ಟಿಯ ಸಂತೆಗೆ ಹೋಗಿ ಸೆರೆಯ ಬಾಟಲಿ ತಂದೆ. ನಿಮ್ಮದು ಲಿಂಗ ಕಟ್ಟಿದ ಮನೆ. ಒಳಗೆ ಅದು ಬರಕೂಡದು. ಎಲ್ಲರೂ ಉಂಡು ಎದ್ದ ಮೇಲೆ ನೀವು ದನದ ಕೊಟ್ಟಿಗೆಯಲ್ಲಿ ಗೋಮಯ ಸಾರಿಸಿ, ಹಿತ್ತಾಳೆಯ ಬಟ್ಟಲಿನಲ್ಲಿ ಅದನ್ನು ಸುರಿದು, ಸೆರಗು ಮೂಗಿಗೆ ಒತ್ತಿಕೊಂಡು, ಕೈ ಮುಗಿದಿರಿ. ಪ್ರತಿ ವರ್ಷವೂ. ಪ್ರತಿ ವರ್ಷವೂ ನಾನೇ ತಂದೆ. ಒಂದು ಹನಿ ಮುಟ್ಟದವನಿಗೆ.

ಈರಪ್ಪ ಮೀಸೆ ಬಂದ ಮೇಲೆ ಎಡೆಯ ಮುಂದೆ ನಿಲ್ಲುವುದನ್ನೇ ಬಿಟ್ಟ. ಕುಡುಕನ ಮಗ ಎಂದು ಕೇಳಿ ಕೇಳಿ ಬೆಳೆದವನು. ಅಪ್ಪನ ಹೆಸರು ಎತ್ತಿದರೆ ಎದ್ದು ಹೋಗುತ್ತಾನೆ. ಒಮ್ಮೆ ಕೊಟ್ಟಿಗೆಯಲ್ಲಿ ಆ ಬಟ್ಟಲನ್ನು ಕಾಲಿನಿಂದ ಒದ್ದ. ನೀವು ಅದನ್ನು ತೊಳೆದು ಇಟ್ಟಿರಿ. ನಾನು ಅಲ್ಲೇ ಇದ್ದೆ. ಹಿರಿಯವನಂತೆ ಅವನಿಗೆ ಬುದ್ಧಿ ಬೇರೆ ಹೇಳಿದೆ! ಅದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗುಳಬೇಕು ಅನ್ನಿಸುತ್ತದೆ.

ಈ ಸಲ ಹಾಸಿಗೆ ಹಿಡಿದ ನೀವು ನನ್ನನ್ನು ಕರೆಸಿ ಹೇಳಿದಿರಿ: “ಈ ಅಮಾಸಿ ಒಂದ ಇಡತೇನಿ. ಮುಂದ ನಾ ಇರೂದಿಲ್ಲ. ನನ್ನ ಮಗಾ ಅಂತೂ ಇಡೂದಿಲ್ಲ. ನೀವರ ಅವರನ್ನ ಉಪಾಸ ಕಳಸಬ್ಯಾಡ್ರಿ.”

ತಲೆ ಆಡಿಸಿ ಬಂದೆ. ತಲೆ ಆಡಿಸುವುದು ನನಗೆ ಹೊಸತಲ್ಲ.

ಇಲ್ಲಿಯವರೆಗೆ ಇದನ್ನೆಲ್ಲ ಮನಸ್ಸಿನಲ್ಲೇ ನಿಮಗೆ ಹೇಳಿಕೊಂಡೆ. ಆದರೆ ಈ ಸಲ ಯರಗಟ್ಟಿಗೆ ಹೋಗುವುದಿಲ್ಲ. ಅಮಾವಾಸ್ಯೆಯ ದಿನ ಬರಿಗೈಯಲ್ಲಿ ಬರುತ್ತೇನೆ. ಮೊದಲು ಈರಪ್ಪನನ್ನು ಕರೆದು ನಿಮ್ಮ ಹಾಸಿಗೆಯ ಪಕ್ಕ ಕೂರಿಸುತ್ತೇನೆ. ಅವನು ಒದೆಯಬೇಕಾದದ್ದು ಆ ಬಟ್ಟಲನ್ನಲ್ಲ. ಅವನು ಏನು ಮಾಡಿದರೂ ತಡೆಯಬೇಡಿರಿ. ಸೇತುವೆಯ ಮೇಲೆ ನಿಂತು ಅವನಪ್ಪ ಆಡಿದ ಮಾತನ್ನು ಹೇಳುತ್ತೇನೆ. ಸಾಹೇಬನ ಮುಂದೆ ನಾನು ಆಡಿದ್ದನ್ನೂ ಹೇಳುತ್ತೇನೆ. ಆಮೇಲೆ ಹೋಳಿಗೆಯನ್ನಷ್ಟೇ ಎಡೆ ಇಡಿರಿ.

ಗಾಡಿಗೆ ಹೊಗೆ ಇರಲಿಲ್ಲ ಎಂಬ ನೆಪ ಮಾತ್ರ ಹೇಳುವುದಿಲ್ಲ. ನಾನು ಕೂಗಲಿಲ್ಲ ಎಂದು ಹೇಳುತ್ತೇನೆ.