ಎಡಗಾಲು ಮುಂದೆ

ಯುದ್ಧದ ಕಾಲದಲ್ಲಿ ನಾನು ಮಳವಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾಗಿ ಒಂದು ವರ್ಷವಾಗಿತ್ತು. ಸಂಜೆ ಐದರ ಮೇಲೆ ಕಚೇರಿಯವರೆಲ್ಲ ಊರಾಚೆಯ ಬಯಲಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಆಡಿಸುತ್ತಿದ್ದವರು ನಮ್ಮ ಹೆಡ್ ಗುಮಾಸ್ತರು. ಮೈಸೂರಿನಲ್ಲಿ ಓದುವಾಗ ದೊಡ್ಡ ಆಟಗಾರರಾಗಿದ್ದರಂತೆ. ಹಾಗಂತ ಅವರೇ ಹೇಳಿದ್ದು. ನೋಡಿದವರು ಯಾರೂ ನಮಗೆ ಸಿಕ್ಕಿರಲಿಲ್ಲ.

ಜಲಪಾತದ ಹತ್ತಿರದ ಬ್ಲಫ್ ಎಂಬ ಊರಿನ ಪವರ್ ಹೌಸಿನವರ ಮೇಲೆ ಒಂದು ಮ್ಯಾಚ್ ಆಡಿ ಸೋತೆವು. ಸೋಲಿಗೆ ಹತ್ತು ಕಾರಣಗಳಿದ್ದವು. ಹೆಡ್ ಗುಮಾಸ್ತರು ಒಂದನ್ನೇ ಹಿಡಿದುಕೊಂಡರು. ಬೌಂಡರಿಯ ಹತ್ತಿರ ಚೆಂಡು ಹಿಡಿದ ನಾನು ಅದನ್ನು ವಿಕೆಟ್ಟಿನ ಕಡೆ ಎಸೆದಾಗ, ಅದು ಅರ್ಧ ದಾರಿಗೆ ಬಿದ್ದು, ಸ್ವಲ್ಪ ಉರುಳಿ, ನಿಂತುಬಿಟ್ಟಿತ್ತು. ಅಷ್ಟರಲ್ಲಿ ಎದುರಿನವರು ಮೂರು ರನ್ ಓಡಿ ಮುಗಿಸಿದ್ದರು.

"ಬಲಗೈಯಲ್ಲಿ ಎಸೀತೀರಿ, ಬಲಗಾಲನ್ನೇ ಮುಂದಿಡ್ತೀರಿ. ಯಾರಾದ್ರೂ ಹಾಗೆ ಎಸೀತಾರೇನ್ರೀ?" ಎಂದರು ಹೆಡ್ ಗುಮಾಸ್ತರು.

ಅಲ್ಲಿಯವರೆಗೆ ನನ್ನ ಯಾವ ಕಾಲು ಯಾವಾಗ ಮುಂದೆ ಹೋಗುತ್ತದೆ ಎಂದು ನಾನು ಯೋಚಿಸಿದವನಲ್ಲ. ಮಾರನೆಯ ದಿನ ಕಚೇರಿ ಮುಗಿದ ಮೇಲೆ ಅವರು ಜಗಲಿಯ ಕಲ್ಲುಚಪ್ಪಡಿಯ ಮೇಲೆ ಸೀಮೆಸುಣ್ಣದಲ್ಲಿ ಹೆಜ್ಜೆಗಳನ್ನು ಬರೆದಿದ್ದರು. ಮೊದಲು ಬಲಗಾಲು, ಅಡ್ಡಡ್ಡವಾಗಿ. ಆಮೇಲೆ ಎಡಗಾಲು, ಹೆಬ್ಬೆರಳು ನೇರ ವಿಕೆಟ್ಟಿನ ಕಡೆಗೆ. ಎಡಭುಜವೂ ಆ ಕಡೆಗೇ. ಮೈಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಇಳಿಯಬೇಕು. ಮೊದಲು ಸೊಂಟ ತಿರುಗಬೇಕು, ಆಮೇಲೆ ಭುಜ, ಆಮೇಲೆ ಮೊಣಕೈ, ಕೊನೆಗೆ ಮಣಿಕಟ್ಟು. ಮೊಣಕೈ ಭುಜಕ್ಕಿಂತ ಕೆಳಗಿಳಿಯಕೂಡದು. ನಾನು ತಪ್ಪಿದಾಗಲೆಲ್ಲ ಛತ್ರಿಯ ತುದಿಯಿಂದ ನನ್ನ ಮಂಡಿಗೆ ತಟ್ಟುತ್ತಿದ್ದರು. ಕಚೇರಿಗೆ ಬಂದ ಜನ ರಸ್ತೆಯಲ್ಲಿ ನಿಂತು ನೋಡುತ್ತಿದ್ದರು.

ಹದಿನೈದು ದಿನ ಇದೇ ಆಯಿತು. ಕಾಲು ಸರಿಹೋದರೆ ಮೊಣಕೈ ಇಳಿಯುತ್ತಿತ್ತು. ಮೊಣಕೈ ಎತ್ತಿದರೆ ಸೊಂಟ ಮರೆತುಹೋಗುತ್ತಿತ್ತು. ಎಲ್ಲವನ್ನೂ ನೆನಪಿಟ್ಟುಕೊಂಡ ದಿನ ಚೆಂಡನ್ನು ಸರಿಯಾದ ಹೊತ್ತಿಗೆ ಕೈಯಿಂದ ಬಿಡುವುದೇ ಮರೆತು, ಅದು ನನ್ನ ಪಾದದ ಮುಂದೆಯೇ ಬಿತ್ತು. ಹೆಡ್ ಗುಮಾಸ್ತರು ಛತ್ರಿ ಬಿಚ್ಚಿಕೊಂಡು ಮನೆಗೆ ಹೊರಟುಹೋದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ನನ್ನ ಭುಜ ಊದಿಕೊಂಡಿತು. ಹೆಂಡತಿ ಉಪ್ಪಿನ ಗಂಟಿನಿಂದ ಶಾಖ ಕೊಡುತ್ತಾ, "ಚೆಂಡು ಎಸಿಯಕ್ಕೆ ಇಷ್ಟೊಂದು ಓದಬೇಕಾ?" ಎಂದಳು. ನನಗೆ ರೇಗಿತು. ನಿನಗೇನು ಗೊತ್ತು ಎಂದು ಗದರಿದೆ.

ಅವಳಿಗೆ ಗೊತ್ತಿತ್ತು. ಆ ಭಾನುವಾರ ಹಿತ್ತಿಲಲ್ಲಿ ಸಂಡಿಗೆ ಒಣಹಾಕಿದ್ದಳು. ಕೋತಿಯೊಂದು ಆಚೆಯ ಬೇವಿನ ಮರದಿಂದ ಇಳಿಯುತ್ತಿತ್ತು. ಅವಳು ನೆಲದಿಂದ ಒಂದು ಮಣ್ಣಿನ ಹೆಂಟೆ ಎತ್ತಿ, ಸೆರಗು ಕೂಡ ಸರಿಮಾಡಿಕೊಳ್ಳದೆ ಬೀಸಿದಳು. ಹೆಂಟೆ ಕೋತಿಯ ತಲೆಯಿಂದ ಒಂದು ಗೇಣು ಮೇಲೆ ಕಾಂಡಕ್ಕೆ ಬಡಿದು ಪುಡಿಯಾಯಿತು. ಕೋತಿ ಬಂದ ದಾರಿಯಲ್ಲೇ ಹೋಯಿತು. ನನ್ನ ಕಣ್ಣು ಅವಳ ಕಾಲಿನ ಮೇಲಿತ್ತು. ಬಲಗಾಲು ಅಡ್ಡ, ಎಡಗಾಲು ನೇರ ಮರದ ಕಡೆಗೆ, ಸೊಂಟ ಮೊದಲು, ಕೈ ಕೊನೆಗೆ. ಜಗಲಿಯ ಮೇಲಿನ ಸೀಮೆಸುಣ್ಣಕ್ಕೆ ಜೀವ ಬಂದಂತಿತ್ತು.

"ಎಲ್ಲಿ ಕಲಿತೆ ನೀನು?"

"ಕಲಿಯದೇನು? ಬೆಳಕವಾಡೀಲಿ ನಮ್ಮಪ್ಪನ ಒಲದಲ್ಲಿ ಗಿಳಿ ಓಡುಸ್ತಿರ್ನಿಲ್ವಾ."

"ಇನ್ನೊಂದು ಸಲ ಎಸಿ. ನಿಧಾನಕ್ಕೆ."

"ನಿಧಾನಕ್ಕೆ ಎಸುದ್ರೆ ಓಯ್ತದಾ?"

ಆದರೂ ಎಸೆದಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಎಡಗಾಲು ಊರುವ ಮೊದಲು ಸೊಂಟ ತಿರುಗುತ್ತದೋ, ಊರಿದ ಮೇಲೋ ಎಂದು ಕೇಳಿದೆ. ಅವಳು ನಿಂತು ಯೋಚಿಸಿದಳು. "ಅದೆಂಗೆ ಏಳ್ಲಿ, ಅದು ಅದಾಗೇ ಓಯ್ತದೆ" ಎಂದಳು. ನಾನು ಬಿಡಲಿಲ್ಲ. ಇದ್ದಲಿನಿಂದ ಅವಳ ಪಾದದ ಸುತ್ತ ಗೆರೆ ಎಳೆದೆ. ಮೂರು ದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಹಿತ್ತಿಲಲ್ಲಿ ಅವಳ ಕೈಯಲ್ಲಿ ಹೆಂಟೆ ಎಸೆಯಿಸಿದೆ. ಒಲೆಯ ಮೇಲೆ ಸಾರು ಸೀದಿತು.

ನಾಲ್ಕನೆಯ ದಿನ ಮಧ್ಯಾಹ್ನ ಕೋತಿಗಳ ಹಿಂಡೇ ಬಂತಂತೆ. ಹೆಂಟೆ ಎತ್ತಿಕೊಂಡವಳು ಕಾಲಿನ ಕಡೆ ನೋಡಿಕೊಂಡಳಂತೆ. ಹೆಂಟೆ ಪಕ್ಕದ ಮನೆಯ ಹೆಂಚಿನ ಮೇಲೆ ಬಿತ್ತು. ಎರಡನೆಯದನ್ನು ಅವಳು ಎತ್ತಿಕೊಳ್ಳಲೇ ಇಲ್ಲವಂತೆ. ನಾನು ಸಂಜೆ ಮನೆಗೆ ಬಂದಾಗ ಸಂಡಿಗೆಯ ಪಂಚೆ ಬರಿದಾಗಿ ಹರಿದು ಬಿದ್ದಿತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು.

"ಚೆನ್ನಾಗಿ ಎಸೀತಿದ್ದೋಳ ಕೈ ಕೆಡುಸ್ಬುಟ್ರಿ. ಈಗ ಕಲ್ಲು ಇಡಿದ್ರೆ ಸಾಕು, ಕಾಲು ಗ್ಯಪ್ತಿಗೆ ಬತ್ತದೆ. ಇನ್ನೊಂದ್ಸಲ ನನ್ನ ಕಾಲು ನೋಡಿದ್ರೆ ನೋಡಿ!"

ಅವಳ ಕಣ್ಣಲ್ಲಿ ನೀರಿತ್ತು. ಸಂಡಿಗೆಗಾಗಿ ಅಲ್ಲವೆಂದು ನನಗೆ ಗೊತ್ತಾಯಿತು. ಹುಡುಗಿಯಾಗಿದ್ದಾಗಿನಿಂದ ಅವಳದಾಗಿದ್ದ ಒಂದು ವಿದ್ಯೆಯನ್ನು ನಾನು ಮೂರು ಬೆಳಗಿನಲ್ಲಿ ಹಾಳುಮಾಡಿದ್ದೆ. ಪಕ್ಕದ ಮನೆಯವರ ಹತ್ತಿರ ಹೋಗಿ, ಹೆಂಚು ಒಡೆದದ್ದು ನಾನೇ ಎಂದು ಹೇಳಿ ಬಂದೆ.

ಮುಂದಿನ ಭಾನುವಾರ ಬ್ಲಫಿನಲ್ಲಿ ಮತ್ತೆ ಮ್ಯಾಚು. ಪೆಟ್ರೋಲ್ ಸಿಗದೆ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹೊರಟೆವು. ಹೆಂಡತಿಯೂ ಬಂದಳು, ಬೆಳಕವಾಡಿಯಲ್ಲಿ ಇಳಿದು ತೌರಿಗೆ ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪವರ್ ಹೌಸಿನವರಿಗೆ ಗೆಲ್ಲಲು ನಾಲ್ಕು ರನ್ ಬೇಕಾಗಿತ್ತು. ಚೆಂಡು ನನ್ನ ಕಡೆಗೇ ಬಂತು. ಹಿಡಿದೆ. ಬಲಗಾಲು ಅಡ್ಡ, ಎಡಗಾಲು ಮುಂದೆ, ಸೊಂಟ, ಭುಜ, ಮೊಣಕೈ, ಎಲ್ಲವೂ ಅದೊಂದು ಸಲ ಹೇಳಿದ ಕ್ರಮದಲ್ಲೇ ನಡೆದವು. ಅಷ್ಟು ದೂರ ನಾನು ಎಂದೂ ಎಸೆದಿರಲಿಲ್ಲ. ಚೆಂಡು ವಿಕೆಟ್ ಕೀಪರನ ತಲೆಯ ಮೇಲೆ ಹಾದು, ಆಚೆಯ ಬೌಂಡರಿ ದಾಟಿ, ಕಳ್ಳಿಬೇಲಿಯೊಳಗೆ ಹೊಕ್ಕಿತು. ಆ ನಾಲ್ಕು ರನ್ನೂ ಅವರಿಗೇ ಸಿಕ್ಕಿ ಮ್ಯಾಚು ಮುಗಿಯಿತು.

ಹೆಡ್ ಗುಮಾಸ್ತರು ಮೈದಾನದ ನಡುವಿನಿಂದ ನಡೆದು ಬಂದರು. "ಕಾಲು ಸರಿ ಇತ್ತು. ಕೈ ಸರಿ ಇತ್ತು. ಎಲ್ಲಿಗೆ ಎಸೀತಿದ್ದೀನಿ ಅಂತ ನೋಡೋದು ಬೇಡ್ವೇನ್ರೀ?"

"ಅದನ್ನ ತಾವು ಹೇಳಿಕೊಡಲಿಲ್ಲ ಸ್ವಾಮಿ" ಎಂದೆ. ಮೂರು ವಾರದ ಸಿಟ್ಟೆಲ್ಲ ಆ ಒಂದು ಮಾತಿನಲ್ಲಿ ಹೋಯಿತು. ಅವರು ನನ್ನನ್ನೇ ನೋಡಿದರು. ಆಮೇಲೆ ಛತ್ರಿ ಕಂಕುಳಲ್ಲಿಟ್ಟುಕೊಂಡು ನಕ್ಕುಬಿಟ್ಟರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಪಸು ಬರುವಾಗ ನಾನೊಬ್ಬನೇ ಬೆಳಕವಾಡಿಯಲ್ಲಿ ಇಳಿದೆ. ಮನೆಯಲ್ಲಿ ಅವಳಿರಲಿಲ್ಲ. ಹೊಲಕ್ಕೆ ಹೋಗಿದ್ದಾಳೆ ಎಂದು ಅತ್ತೆ ಹೇಳಿದರು. ಜೋಳದ ತೆನೆ ಬಲಿತಿತ್ತು. ಹೊಲದ ನಡುವೆ ಕಾವಲಿನ ಅಟ್ಟಣೆಯ ಮೇಲೆ ಅವಳು ನಿಂತಿದ್ದಳು, ಮಡಿಲ ತುಂಬ ಹೆಂಟೆ. ನಾನು ಬದುವಿನ ಮೇಲೆ ನಿಂತದ್ದನ್ನು ಕಂಡು ಎತ್ತಿದ ಕೈ ಇಳಿಸಿದಳು.

"ಮ್ಯಾಚು ಏನಾಯ್ತು?"

"ಸೋತ್ವಿ. ನನ್ನಿಂದಲೇ."

"ಸರಿ. ಅತ್ಲಾಗೆ ತಿರುಗ್ಕಳಿ."

ನಾನು ಕಾಲುವೆಯ ಕಡೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಗಾಳಿ ಸೀಳಿದ ಸದ್ದು, ಅದರ ಹಿಂದೆಯೇ ಗಿಳಿಗಳ ಹಿಂಡು ಕಿರುಚುತ್ತಾ ಎದ್ದ ಸದ್ದು. ಮಡಿಲು ಖಾಲಿಯಾಗುವವರೆಗೂ ನಾನು ತಿರುಗಲಿಲ್ಲ.