ಶಾಶ್ವತವಾಗಿ ತೆಗೆಯಬೇಕೆ?

ಸಂಶಯ ನನಗೆ ಅಪ್ಪನಿಂದ ಬಂದದ್ದು. ಗೋಕಾಕ ಫಾಲ್ಸ್‌ನಲ್ಲಿ ಅವರು ಗಿರಣಿ ಗೇಟಿನ ಕಾವಲುಗಾರ. ಹೊರಗೆ ಹೋಗುವವರ ಚೀಲ ತಪಾಸಣೆ ಮಾಡುವುದೇ ಕೆಲಸ. ಮನೆಗೆ ಬಂದ ಮೇಲೂ ಆ ಚಟ ಬಿಡದೆ ನನ್ನ ಪಾಟೀಚೀಲವನ್ನೂ ಜಾಲಾಡುತ್ತಿದ್ದರು. ಅಂಥವರ ಮಗನಾದ, ಸರಕಾರಿ ಕಚೇರಿಗಳ ಕಂಪ್ಯೂಟರು ನೋಡಿಕೊಳ್ಳುವ ನನಗೆ ಮೇಲಿನವರು ಒಂದು ದಿನ, ದೇಶದ್ದೇ ಆದ ಹೊಸ ಆಪರೇಟಿಂಗ್ ಸಿಸ್ಟಮ್ ನಮ್ಮ ಕಡೆಯ ಕಚೇರಿಗಳಿಗೆ ಬರುತ್ತದೆ, ಸರಕಾರವೇ ಅದರ ಬೆನ್ನಿಗಿದೆ, ಎಲ್ಲವೂ ಕನ್ನಡದಲ್ಲಿರುತ್ತದೆ, ಅದನ್ನು ಕಲಿಸುವ ತರಬೇತುದಾರ ನೀವೇ ಎಂದರು. ನಾನು ಕೇಳಿದ ಮೊದಲ ಪ್ರಶ್ನೆ: "ಪುಕ್ಕಟೆ ಯಾಕ ಕೊಡಾಕತ್ತಾರ್ರಿ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಹೊಸ ಯಂತ್ರ ಮೇಜಿನ ಮೇಲೆ ಬಂದ ದಿನವೇ ಅದರ ಕ್ಯಾಮೆರಾದ ಕಣ್ಣಿಗೆ ಹೆಂಡತಿಯ ಹಣೆಯ ಟಿಕಳಿ ಅಂಟಿಸಿದೆ. ದಿಲ್ಲಿಯಲ್ಲಿ ಯಾರೋ ಕೂತು ನಾವು ಬಡಿಯುವ ಅಕ್ಷರವನ್ನೆಲ್ಲ ಓದುತ್ತಾರೆ ಎಂಬ ಗುಮಾನಿ ಬಹಳ ದಿನ ಹೋಗಲಿಲ್ಲ. ಕನ್ನಡ ಮೆನುವಿನ ಮೇಲೂ ಭರವಸೆ ಇರಲಿಲ್ಲ, ನಡುನಡುವೆ ಕೈಕೊಟ್ಟರೆ ಏನು ಗತಿ ಎಂದು. ಊರಿಗೆಲ್ಲ ಕನ್ನಡದಲ್ಲಿ ಕಲಿಸುತ್ತ, ನನ್ನ ಯಂತ್ರವನ್ನು ಮಾತ್ರ ಸದ್ದಿಲ್ಲದೆ ಇಂಗ್ಲಿಷಿನಲ್ಲಿ ಇಟ್ಟುಕೊಂಡೆ. ಪೆನ್‌ಡ್ರೈವ್ ಎಂದರಂತೂ ನನಗೆ ಹಾವು ಕಂಡಂತೆ. ವೈರಸ್ ಬರುತ್ತದೆ, ಮಾಹಿತಿ ಕದಿಯುತ್ತಾರೆ ಎಂದು ಹೇಳಿ ನನ್ನ ಪಾಲಿಗೆ ಬಂದ ಕಚೇರಿಗಳಲ್ಲೆಲ್ಲ ಬಂದ್ ಮಾಡಿಸಿದೆ.

ಅವುಗಳಲ್ಲಿ ಹುಕ್ಕೇರಿ ತಾಲೂಕಿನದೊಂದು ಸಣ್ಣ ಕಚೇರಿ. ಮುಚ್ಚಿಹೋದ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳು ಅಲ್ಲಿದ್ದವು. ಮುಟ್ಟಿದರೆ ಪುಡಿಯಾಗುವ ಹಾಳೆಗಳು, ಅರ್ಧ ಗೆದ್ದಲಿನ ಹೊಟ್ಟೆ ಸೇರಿದ್ದವು. ಘೋಡಗೇರಿಯಿಂದ ದಿನಾ ಬಸ್ಸಿನಲ್ಲಿ ಬರುವ ಹೆಣ್ಣುಮಗಳೊಬ್ಬಳು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಳು. ಗುತ್ತಿಗೆ ನೌಕರಿ, ವರ್ಷಕ್ಕೊಮ್ಮೆ ಮುಂದುವರಿಸಬೇಕು. ಅವಳ ಮನೆಯಲ್ಲಿ ಕೂಲಿ ಬಿಟ್ಟು ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವರಲ್ಲಿ ಅವಳೇ ಮೊದಲು. ಕಡಿಮೆ ಮಾತು, ಬೆರಳು ಮಾತ್ರ ಬಹಳ ಚುರುಕು. ಎರಡು ವರ್ಷ ಕೂತು ಅವಳು ಬಡಿದದ್ದೆಲ್ಲ ಒಂದೇ ಫೈಲಿನಲ್ಲಿತ್ತು.

ಹೊಸ ವ್ಯವಸ್ಥೆ ಹಾಕಿದ ಮರುದಿನ, ಆ ಫೈಲು ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ಗೋಕಾಕದಿಂದ ಫೋನು ಮಾಡಿದೆ.

"ಅಕ್ಕಾರ, ಆ ದಾಖಲಾತಿ ಫೈಲಿನ ಮ್ಯಾಲ ಮೌಸ್ ಇಟ್ಟು ಬಲಕ್ಕ ಒತ್ರಿ. ಒತ್ತಿದ್ರಿ? ಈಗ ಫೈಲ್ ತಗೀರಿ."

"ಏನೋ ಕೇಳಾಕತ್ತೈತ್ರಿ ಸರ."

"ಕೇಳಿದ್ದಕ್ಕೆಲ್ಲಾ ಹೌದು ಅನ್ರಿ. ಎಷ್ಟ್ ಹೊತ್ತರಿ!"

"ಅಂದ್ನಿ ಸರ."

"ಏನ್ ಕಾಣಸ್ತೈತಿ?"

ಮೌಸ್ ಒತ್ತುವ ಟಕಟಕ ಸದ್ದು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ, "ಏನೂ ಇಲ್ರಿ ಸರ. ಖಾಲಿ ಆಗೈತಿ" ಎಂದಳು.

ಬಿದ್ದಂಬೀಳ ಮೋಟರ್‌ಸೈಕಲ್ ಹತ್ತಿ ಹೋದೆ. ಫೈಲು ನಿಜವಾಗಿಯೂ ಇರಲಿಲ್ಲ, ಮರಳಿ ತರುವ ಹಾದಿಯೂ ಇರಲಿಲ್ಲ. ನಾನೇ ಪೆನ್‌ಡ್ರೈವ್ ಬಂದ್ ಮಾಡಿಸಿದ್ದರಿಂದ ಇನ್ನೊಂದು ಪ್ರತಿಯೂ ಎಲ್ಲೂ ಇರಲಿಲ್ಲ. ಇಂಗ್ಲಿಷಿನಲ್ಲಿದ್ದ ಯಂತ್ರದ ಒಳದಾಖಲೆ ನೋಡಿದರೆ ಲೆಕ್ಕ ಸ್ಪಷ್ಟ: ಅವಳ ಹೆಸರಿನಲ್ಲಿ ಒಳಗೆ ಬಂದವರು ಫೈಲು ಅಳಿಸಿದ್ದಾರೆ, ಖಾತ್ರಿಯೇ ಎಂದು ಕೇಳಿದ್ದಕ್ಕೆ ಹೌದು ಎಂದೂ ಹೇಳಿದ್ದಾರೆ. ಅದೇ ತಿಂಗಳು ಅವಳ ಗುತ್ತಿಗೆ ಮುಗಿಯುವುದಿತ್ತು. ಮುಂದುವರಿಸುವುದಿಲ್ಲವಂತೆ ಎಂಬ ಗಾಳಿಸುದ್ದಿಯೂ ಓಡಾಡುತ್ತಿತ್ತು. ನನ್ನ ತಲೆ ತಟ್ಟನೆ ಜೋಡಿಸಿಬಿಟ್ಟಿತು: ಹೋಗುವವಳು ಸೇಡಿಗೆ ಹಾಳುಮಾಡಿ ಹೋಗುತ್ತಿದ್ದಾಳೆ.

ಆ ಕಚೇರಿಯ ಸಾಹೇಬರ ಮುಂದೆ ಅವಳನ್ನು ನಿಲ್ಲಿಸಿ ಕೇಳಿದೆವು. ಅವಳು ಹೇಳಿದ್ದು ಒಂದೇ ಮಾತು. "ಇವರು ತಗೀರಿ ಅಂದ್ರು, ನಾ ತಗದ್ನಿ."

"ತಗದ್ರ ಫೈಲ್ ಎಲ್ಲಿ ಹೋತವಾ?" ಎಂದರು ಸಾಹೇಬರು.

"ಅದು ನನಗ ಹ್ಯಾಂಗ ಗೊತ್ತಾಗ್ಬೇಕ್ರಿ? ಇವರು ತಗೀರಿ ಅಂದ್ರು, ನಾ ತಗದ್ನಿ."

ನನಗೆ ಮೈಯೆಲ್ಲ ಉರಿಯಿತು. ಫೈಲು ತಗಿ ಎಂದರೆ ಯಾವ ಫೈಲೂ ಮಾಯವಾಗುವುದಿಲ್ಲ. ಮುಖ ನೋಡಿ ಸುಳ್ಳು ಹೇಳುತ್ತಾಳೆ, ಮೇಲಾಗಿ ತಪ್ಪನ್ನು ನನ್ನ ಕೊರಳಿಗೆ ಕಟ್ಟುತ್ತಾಳೆ ಎನಿಸಿತು. ಅಂದೇ ವರದಿ ಬರೆದೆ: "ಉದ್ದೇಶಪೂರ್ವಕವಾಗಿ ಅಳಿಸಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ." ಇಂಥ ವಾಕ್ಯದಲ್ಲಿ ಬರೆದವನ ಕೈಗೆ ಮಸಿ ಹತ್ತುವುದಿಲ್ಲ. ಮುಂದಿನ ತಿಂಗಳು ಅವಳ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು.

ನಾಲ್ಕು ತಿಂಗಳಾದ ಮೇಲೆ ಮೂಡಲಗಿಯಲ್ಲಿ ತರಬೇತಿ. ಹನ್ನೆರಡು ಮಂದಿ, ಹನ್ನೆರಡು ಯಂತ್ರ, ಎಲ್ಲ ಕನ್ನಡದಲ್ಲಿ. ಪುಣ್ಯಕ್ಕೆ ಎಲ್ಲದರಲ್ಲೂ ಇದ್ದದ್ದು ನಾನು ಕಲಿಸಲೆಂದೇ ಮಾಡಿಟ್ಟ ಸುಳ್ಳು ಫೈಲು. "ಅದರ ಮ್ಯಾಲ ಬಲಕ್ಕ ಒತ್ರಿ, ಫೈಲ್ ತಗೀರಿ" ಎಂದೆ. ಹಿಂದಿನ ಸಾಲಿನಿಂದ ಒಬ್ಬರು "ಸರ, ನಂದು ಹೋತು" ಎಂದರು. ಬಾಜೂದವರು "ನಂದೂ" ಎಂದರು. ಐದು ಮಂದಿಯ ಫೈಲು ಹೋಗಿತ್ತು.

ಎದ್ದುಹೋಗಿ ಮೊದಲ ಬಾರಿಗೆ ಆ ಕನ್ನಡ ಮೆನುವನ್ನು ಕಣ್ಣಿಟ್ಟು ಓದಿದೆ. ಮೇಲೆ "ತೆರೆ" ಎಂದಿತ್ತು. ಕೆಳಗೆ "ತೆಗೆ" ಎಂದಿತ್ತು. ತೆರೆ ಎಂದರೆ ಬಿಚ್ಚುವುದು, ತೆಗೆ ಎಂದರೆ ಅಳಿಸುವುದು, ಬರೆದವರ ಲೆಕ್ಕದಲ್ಲಿ. ನಮ್ಮ ಕಡೆ ತೆರೆ ಎನ್ನುವವರು ಯಾರು? ಬಾಗಿಲಾ ತಗಿ, ಕಣ್ಣು ತಗಿ, ಪುಸ್ತಕಾ ತಗಿ. ಹುಟ್ಟಿದಾಗಿನಿಂದ ತಗಿ ಎಂದವರು ಮೆನುವಿನಲ್ಲಿ ಅದನ್ನೇ ಹುಡುಕಿದರು, ಅದು ಸಿಕ್ಕಿತು, ಒತ್ತಿದರು. ಒತ್ತಿದ ಮೇಲೆ ಯಂತ್ರ ಕೇಳುತ್ತಿತ್ತು: "ಈ ಕಡತವನ್ನು ಶಾಶ್ವತವಾಗಿ ತೆಗೆಯಬೇಕೆ?"

"ಇಷ್ಟ್ ಕೇಳಿದ ಮ್ಯಾಲೂ ಹೌದು ಯಾಕ ಒತ್ತಿದ್ರಿ?" ಎಂದೆ.

"ಶಾಶ್ವತ ತಗದ್ರ ಛಲೋನ ಆತಲ್ರಿ" ಎಂದರು ಹಿಂದಿನ ಸಾಲಿನ ಗುಮಾಸ್ತರು. "ದಿನಾ ತಗಿಯೂ ತ್ರಾಸ ತಪ್ತೈತಿ ಅಂತ ತಿಳಕೊಂಡ್ನಿ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನಗೆ ಹುಕ್ಕೇರಿಯಲ್ಲಿ ಕೇಳಿದ ಮಾತು ನೆನಪಾಯಿತು. ಇವರು ತಗೀರಿ ಅಂದ್ರು, ನಾ ತಗದ್ನಿ. ಅವಳು ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ.

ಮೂಡಲಗಿಯಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಬಂದು ಕೂತಿತು. ಇದೇ ಮಾತನ್ನು ಕೇರಿಯ ಆ ಹೆಣ್ಣುಮಗಳ ಬದಲು ನಮ್ಮ ಓಣಿಯ, ನಮ್ಮ ಮಠಕ್ಕೆ ನಡೆದುಕೊಳ್ಳುವ ಮನೆಯವರೊಬ್ಬರು ಹೇಳಿದ್ದರೆ ಏನು ಮಾಡುತ್ತಿದ್ದೆ? ತಡಿ, ಇದರಲ್ಲಿ ಏನೋ ಐತಿ ಎಂದು ಒಮ್ಮೆಯಾದರೂ ಅವರ ಬಾಜೂ ಕೂತು ಪರದೆ ನೋಡುತ್ತಿದ್ದೆ. ಖರೆ ಹೇಳಬೇಕೆಂದರೆ ನೋಡುತ್ತಿದ್ದೆ. ಜೀವನದಲ್ಲಿ ಎಲ್ಲರನ್ನೂ ಸಮನಾಗಿ ಸಂಶಯಿಸುತ್ತೇನೆ ಎಂದು ಹೆಮ್ಮೆಪಟ್ಟುಕೊಂಡವನು ನಾನು. ಅದೂ ಸುಳ್ಳಾಗಿತ್ತು, ನನಗೆ ನಾಚಿಕೆಯಾಯಿತು.

ನನ್ನ ವರದಿಗೆ ತಿದ್ದುಪಡಿ ಪತ್ರ ಟೈಪು ಮಾಡಿಕೊಂಡು ಘೋಡಗೇರಿಯ ಅವಳ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಫೋಟೊ, ಕೆಳಗೆ ಹೊಲಿಗೆ ಯಂತ್ರ. ಅವಳು ಬ್ಲೌಸು ಹೊಲಿಯುವುದನ್ನು ನಿಲ್ಲಿಸಿ, "ಕೂಡ್ರಿ ಸರ" ಎಂದಳು. ಮೂಡಲಗಿಯಲ್ಲಿ ಆದದ್ದನ್ನು ಹೇಳಿದೆ. ಪತ್ರವನ್ನು ಎರಡು ಸಲ ಓದಿದಳು.

"ಪದದ ಗೊಂದಲದಿಂದ ಆಗೈತಿ ಅಂತ ಬರದೀರಿ."

"ಹೌದ್ರಿ ಅಕ್ಕಾರ. ತೆರೆ, ತೆಗೆ..."

"ಪದದ್ದೇನ್ ತಪ್ಪೈತ್ರಿ ಸರ? ಫೈಲ್ ಹೋಗಿದ್ದು ಪದದಿಂದ. ನನ್ನ ನೌಕರಿ ಹೋಗಿದ್ದು ನೀವು ನನ್ನ ಮಾತು ನಂಬದ್ದಕ್ಕ. ಅದನ್ನ ಬರದಿಲ್ಲಲ್ರಿ."

ಪೆನ್ನು ತೆಗೆದು, ಟೈಪಾದ ಸಾಲುಗಳ ಕೆಳಗೆ ಕೈಯಿಂದ ಬರೆದೆ: "ಇವರು ಅಂದೇ ನಿಜ ಹೇಳಿದ್ದರು. ನಾನು ನಂಬಲಿಲ್ಲ. ತಪ್ಪು ನನ್ನದು." ಸಹಿ ಹಾಕಿದೆ. ತಾರೀಖು ಹಾಕಿರಿ ಎಂದಳು, ಹಾಕಿದೆ. ಪತ್ರ ಒಯ್ಯಲು ಕೈ ಚಾಚಿದೆ. ಅವಳು ಕೊಡಲಿಲ್ಲ.

"ಅಸಲು ನನ್ನ ಕಡೆ ಇರ್ಲಿ. ಬಸ್ ಸ್ಟ್ಯಾಂಡಿನ ಹತ್ರ ಝೆರಾಕ್ಸ್ ಮಾಡಸೋಣು, ಅದನ್ನ ನೀವು ಆಫೀಸಿಗೆ ಒಯ್ರಿ" ಎಂದು ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೇನಿ. ಸಿಟ್ಟಾಗಬ್ಯಾಡ್ರಿ ಸರ, ನಿಮ್ಮ ಮ್ಯಾಲ ನನಗ ನಂಬಿಕಿ ಇಲ್ಲ."